ಜಾಂಬವಂತನ ನೆರೆಯಲ್ಲಿ

‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಎಂಬ ಗಾದೆಯನ್ನು ಒಮ್ಮೆಯಾದರೂ ಆಡದ ಕನ್ನಡಿಗರ ಮನೆ ಇರಲಾರದು. ನೆಮ್ಮದಿಯಾಗಿ ನಡೆಯುತ್ತಿದ್ದ ಕಾರ್ಯದ ನಡುವೆ ಕರೆಯದ ಅತಿಥಿಯೊಬ್ಬ ನುಗ್ಗಿದರೆ ನಮ್ಮ ಹಿರಿಯರ ಬಾಯಿಗೆ ಮೊದಲು ಬರುತ್ತಿದ್ದುದು ಈ ಮಾತೇ. ಇಲ್ಲಿ ಕರಡಿ ಎಂದರೆ ಮೃಗವಲ್ಲ, ಕರಡೆ ಎಂಬ ವಾದ್ಯ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಕರಡಿಮಜಲಿನ ಮೇಳಗಳಿಲ್ಲವೇ, ಎಂದು ಅರ್ಥ ಬಿಡಿಸುವವರುಂಟು. ಅವರ ಮಾತು ಸರಿಯೇ ಇರಬಹುದು. ಆದರೆ ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಮಾತ್ರ ಮೈತುಂಬ ಕರಿಯ ಕೂದಲಿನ ಆ ಮೃಗದ್ದೇ.

ನಗರದಲ್ಲಿ ವಾಸಿಸುವ ನಮಗೆ ಕರಡಿಯ ಪರಿಚಯ ಬಹುಕಾಲ ಬೀದಿಯ ಪರಿಚಯವಾಗಿತ್ತು. ಖಲಂದರರು ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ಊರೂರು ತಿರುಗಿಸುತ್ತಿದ್ದ ಕಾಲವನ್ನು ಯಶವಂತಪುರ, ಯಲಹಂಕಗಳ ಹಿರಿಯರು ಮರೆತಿರಲಾರರು. ಡಮರುಗದ ಸದ್ದಿಗೆ ಅದು ಹಿಂಗಾಲಿನ ಮೇಲೆ ನಿಂತು ಹೆಜ್ಜೆ ಹಾಕುತ್ತಿತ್ತು. ಬಾಲಗ್ರಹದ ಭಯ ಹೋಗಲೆಂದು ತಾಯಂದಿರು ಮಕ್ಕಳನ್ನು ಅದರ ಬೆನ್ನ ಮೇಲೆ ಕುಳ್ಳಿರಿಸುತ್ತಿದ್ದರು. ಅದರ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುತ್ತಿದ್ದರು. ಆ ಕುಣಿತದ ಹಿಂದೆ ಹಲ್ಲು ಕಿತ್ತ ನೋವು, ಮೂಗು ಚುಚ್ಚಿದ ಗಾಯ ಇದ್ದುದನ್ನು ನಾವು ಯಾರೂ ಕೇಳಲಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಆಟವನ್ನು ನಿಷೇಧಿಸಿತಾದರೂ ದೇಶದ ಬೀದಿಗಳಿಂದ ಕುಣಿಯುವ ಕರಡಿ ಮರೆಯಾಗಲು ೨೦೦೯ರವರೆಗೆ ಕಾಯಬೇಕಾಯಿತು. ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರದಲ್ಲಿ ಹಾಗೆ ಬಿಡುಗಡೆ ಹೊಂದಿದ ಎಷ್ಟೋ ಕರಡಿಗಳು ತಮ್ಮ ಮುಪ್ಪನ್ನು ಕಳೆದವು.

ಬೀದಿಯ ಕರಡಿ ಹೋಯಿತು. ಪತ್ರಿಕೆಯ ಕರಡಿ ಬಂದಿತು. ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆಯಿಂದ ಆಗಾಗ ಸುದ್ದಿ ಬರುತ್ತದೆ: ಹೊಲಕ್ಕೆ ಹೋದವನ ಮೇಲೆ ಎರಗಿತು, ಊರೊಳಗೆ ನುಗ್ಗಿತು, ಹನುಮಪ್ಪನ ಗುಡಿಗೆ ಹೊಕ್ಕು ದೀಪದ ಎಣ್ಣೆ ಕುಡಿದು ಹೋಯಿತು. ದೂರದ ಜಪಾನಿನಿಂದಲೂ ಅಂತಹುದೇ ವರ್ತಮಾನ. ಕಾಫಿಯ ಜೊತೆಗೆ ಓದಿ ಮಡಿಸಿಡುವ ಈ ಸುದ್ದಿಗಳ ಹಿಂದಿನ ನೆಲವನ್ನು ಒಮ್ಮೆ ಕಣ್ಣಾರೆ ನೋಡಬೇಕು, ಕರಡಿಯ ನೆರೆಯಲ್ಲಿ ಜನ ಹೇಗೆ ಬಾಳುತ್ತಾರೆಂಬುದನ್ನು ಅವರ ಬಾಯಿಂದಲೇ ಕೇಳಬೇಕು ಎಂಬ ಆಸೆಯಿಂದ ನಾವು ಮೂವರು, ನಾನು, ನನ್ನ ಪತ್ನಿ ಹಾಗೂ ಹತ್ತು ವರ್ಷದ ಮಗಳು, ಮಾಘಮಾಸದ ಕೊನೆಯಲ್ಲಿ ದರೋಜಿಗೆ ಹೊರಟೆವು.

ಬಂಡೆಗಳ ರಾಜ್ಯ

ಉತ್ತರ ಬೆಂಗಳೂರಿನವರಿಗೆ ಈ ಪ್ರಯಾಣ ಬಹು ಸುಲಭ. ಯಲಹಂಕದ ನಿಲ್ದಾಣದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹಾಸಿಗೆ ಬಿಡಿಸಿದರೆ, ಹಿಂದೂಪುರ, ಧರ್ಮಾವರಂ, ಗುಂತಕಲ್ಲುಗಳೆಲ್ಲ ನಿದ್ರೆಯಲ್ಲೇ ಕಳೆದುಹೋಗಿ ಬೆಳಗಿನ ಹೊತ್ತಿಗೆ ಬಳ್ಳಾರಿಯ ಕಪ್ಪುಮಣ್ಣು ಕಿಟಕಿಯಲ್ಲಿ ಕಾಣಿಸಿಕೊಳ್ಳುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆ ದಾಟಿದ ಮೇಲೆ ನೋಟವೇ ಬದಲಾಗುತ್ತದೆ. ದೈತ್ಯರ ಮಕ್ಕಳು ಗೋಲಿಯಾಟದ ನಡುವೆ ಊಟಕ್ಕೆ ಎದ್ದು ಹೋದರೋ ಎಂಬಂತೆ ಬಂಡೆಗಳು ಒಂದರ ಮೇಲೊಂದು ಕುಳಿತಿವೆ. ಹೊಸಪೇಟೆಯಲ್ಲಿ ಇಳಿದು ಕಮಲಾಪುರದ ದಾರಿ ಹಿಡಿದರೆ ಒಂದು ಕಡೆ ತುಂಗಭದ್ರೆಯ ಕಾಲುವೆಯ ಹಸಿರು, ಬಾಳೆ, ಕಬ್ಬು. ಇನ್ನೊಂದು ಕಡೆ ಬಿಸಿಲಿಗೆ ಬಿರಿದ ಕಲ್ಲುಗುಡ್ಡ. ಈ ಎರಡರ ನಡುವಿನ ಗೆರೆ ಕೆಲವು ಕಡೆ ಒಂದು ಹೊಲದ ಬದುವಿನಷ್ಟೇ ಅಗಲ.

ಹಂಪಿಯ ಸುತ್ತಣ ಪ್ರದೇಶವನ್ನು ಜನ ಕಿಷ್ಕಿಂಧೆಯೆಂದು ನಂಬುತ್ತಾರೆ. ಕಿಷ್ಕಿಂಧೆಯೆಂದರೆ ನಮಗೆ ವಾಲಿ, ಸುಗ್ರೀವ, ಹನುಮಂತರು ನೆನಪಾಗುತ್ತಾರೆ. ಸುಗ್ರೀವನ ಸಭೆಯಲ್ಲಿ ಕುಳಿತಿದ್ದ ವೃದ್ಧ ಜಾಂಬವಂತನನ್ನು ಮಾತ್ರ ಮರೆಯುತ್ತೇವೆ. ಸಮುದ್ರದ ದಡದಲ್ಲಿ ಎಲ್ಲರೂ ಕೈಚೆಲ್ಲಿ ಕುಳಿತಾಗ ಹನುಮಂತನಿಗೆ ಅವನ ಬಲವನ್ನು ನೆನಪಿಸಿದವನು ಈ ಕರಡಿಗಳ ಒಡೆಯ. ಭಾಗವತದಲ್ಲಿ ಇದೇ ಜಾಂಬವಂತ ಸ್ಯಮಂತಕಮಣಿಗಾಗಿ ಗುಹೆಯೊಳಗೆ ಶ್ರೀಕೃಷ್ಣನೊಡನೆ ಇಪ್ಪತ್ತೆಂಟು ದಿನ ಹೋರಾಡಿದನು. ಯುದ್ಧ ನಡೆದುದು ಅವನು ಕೃಷ್ಣನನ್ನು ಹುಡುಕಿಕೊಂಡು ದ್ವಾರಕೆಗೆ ಹೋದುದರಿಂದ ಅಲ್ಲ, ಕೃಷ್ಣನೇ ಅವನ ಗುಹೆಯೊಳಗೆ ಕಾಲಿಟ್ಟುದರಿಂದ. ಪುರಾಣಕಾರರು ಕರಡಿಯ ಸ್ವಭಾವವನ್ನು ಚೆನ್ನಾಗಿ ಬಲ್ಲವರೆಂದು ಮುಂದೆ ನಮಗೆ ಅರಿವಾಯಿತು.

ಹಂಪಿಯಿಂದ ಸುಮಾರು ೧೫ ಕಿಲೋಮೀಟರು ದೂರದಲ್ಲಿದೆ ದರೋಜಿ ಕರಡಿಧಾಮ. ಬುರ್ರಕಥೆಯ ಈರಮ್ಮನವರಿಂದಾಗಿ ದರೋಜಿಯ ಹೆಸರು ನಾಡಿನ ಮನೆಮಾತು. ಸಂಡೂರು ತಾಲ್ಲೂಕಿನ ಆ ಊರಿಗೂ ರಾಮಸಾಗರಕ್ಕೂ ನಡುವೆ ಹಬ್ಬಿರುವ ಗುಡ್ಡಗಾಡಿನ ೫,೫೮೭ ಹೆಕ್ಟೇರು ಪ್ರದೇಶವನ್ನು ಸರಕಾರ ೧೯೯೪ರಲ್ಲಿ ಕರಡಿಗಳಿಗೆಂದೇ ಮೀಸಲಿಟ್ಟಿತು. ೨೦೦೯ರಲ್ಲಿ ಬುಕ್ಕಸಾಗರದ ಕಡೆಯ ಅರಣ್ಯವನ್ನೂ ಸೇರಿಸಿದ ಮೇಲೆ ಅದರ ವಿಸ್ತಾರ ೮೨ ಚದರ ಕಿಲೋಮೀಟರು ದಾಟಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲೂ ಇಂತಹ ಇನ್ನೊಂದು ಧಾಮ ಆಗಿದೆ.

ಕಾಡು ಎಂದೊಡನೆ ಮಲೆನಾಡಿನ ಹೆಮ್ಮರಗಳನ್ನು ನೆನೆದು ಬಂದವರಿಗೆ ಇಲ್ಲಿ ನಿರಾಶೆ ಖಂಡಿತ. ಆಳೆತ್ತರದ ಮುಳ್ಳುಪೊದೆ, ಅಲ್ಲಲ್ಲಿ ಕಕ್ಕೆ, ಬೋರೆ, ಕಾರೆ, ಕವಳಿಯ ಗಿಡಗಳು, ಬೇಸಗೆ ಬರುವ ಮೊದಲೇ ಬಾಡಿದ ಹುಲ್ಲು. ಇವುಗಳ ನಡುವೆ ಬಂಡೆ, ಬಂಡೆಯ ಹಿಂದೆ ಮತ್ತೆ ಬಂಡೆ. ಆದರೆ ಕರಡಿಗೆ ಬೇಕಾದುದು ಇದೇ. ಬಂಡೆಗಳ ಸಂದಿಯಲ್ಲಿ ಹೊರಗೆ ಬೆಂಕಿಯಂತಹ ಬಿಸಿಲಿದ್ದಾಗಲೂ ನೆಲಮಾಳಿಗೆಯ ತಂಪು ಇರುತ್ತದೆ. ಹಗಲೆಲ್ಲ ಅಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಹೊರಬಂದು, ಹುತ್ತ ಕೆದಕಿ ಗೆದ್ದಲು ತಿಂದು, ಉದುರಿದ ಹಣ್ಣು ಆಯ್ದು, ಬೆಳಗಾಗುವ ಮುನ್ನ ಮನೆ ಸೇರುವುದು ಅದರ ದಿನಚರಿ. ಕಕ್ಕೆಯ ಕಾಯನ್ನು ಇಷ್ಟಪಟ್ಟು ತಿಂದು ಬೀಜವನ್ನು ದೂರ ಹಾಕುವುದರಿಂದ ಈ ಒಣಗುಡ್ಡಗಳಲ್ಲಿ ಮರ ನೆಡುವ ತೋಟಗಾರನೂ ಅದೇ.

ಕರಡಿಕಲ್ಲು ಗುಡ್ಡದ ಮೇಲೆ

ಮಧ್ಯಾಹ್ನ ಎರಡರ ಮೇಲೆ ಧಾಮದ ಒಳಗಿನ ವೀಕ್ಷಣಾ ಗೋಪುರವನ್ನು ಏರಿದೆವು. ಎದುರಿಗೆ ಕರಡಿಕಲ್ಲು ಗುಡ್ಡ. ಅರಣ್ಯ ಇಲಾಖೆಯ ನೌಕರರು ಆ ವೇಳೆಗೆ ಗುಡ್ಡದ ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಬಳಿದು ಹಿಂತಿರುಗಿದ್ದರು. ಗೋಪುರದಲ್ಲಿದ್ದ ಕಾವಲುಗಾರರು ಐವತ್ತು ದಾಟಿದವರು; ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಸ್ವಾಗತಿಸಿದರು.

“ಗಾಳಿ ನಮ್ಮ ಕಡಿಂದ ಆ ಕಡಿ ಬೀಸಾಕತ್ತೈತ್ರಿ. ಇವತ್ತು ಒಂದೀಟು ತಡ ಆಗತೈತಿ. ಕಣ್ಣಿಗಿಂತ ಮೂಗು ಜೋರು ಅದರದು. ಮಗಳಿಗೆ ಹೇಳ್ರಿ, ಮಾತಾಡಬ್ಯಾಡ ಅಂತ.”

ಮಗಳಿಗೆ ಹೇಳಬೇಕಾದ ಅಗತ್ಯವೇನೂ ಬೀಳಲಿಲ್ಲ. ಮೊದಲು ನವಿಲುಗಳು ಬಂದವು. ಅನಂತರ ಮುಂಗುಸಿಯೊಂದು ಬೆಲ್ಲವನ್ನು ನೆಕ್ಕಿ ಹೋಯಿತು. ನಾಲ್ಕು ಗಂಟೆಯಾಯಿತು, ನಾಲ್ಕೂವರೆಯಾಯಿತು. ಬಂಡೆಗಳ ನೆರಳು ಉದ್ದವಾಗಿ ಒಂದನ್ನೊಂದು ಮುಟ್ಟುವ ಹೊತ್ತಿಗೆ ಎರಡು ಕಲ್ಲುಗಳ ನಡುವಿನ ಕತ್ತಲೆಯೇ ಎದ್ದು ನಡೆಯತೊಡಗಿತೋ ಎಂಬಂತೆ ಒಂದು ಕರಿಯ ಆಕಾರ ಹೊರಬಂದಿತು. ಮಗಳು ನನ್ನ ತೋಳನ್ನು ಹಿಡಿದುಕೊಂಡಳು. ಕರಡಿಯ ಬೆನ್ನ ಮೇಲೆ, ಕೂದಲಿನಲ್ಲಿ ಹುದುಗಿ, ಇನ್ನೆರಡು ಪುಟ್ಟ ತಲೆಗಳು!

ಜಗತ್ತಿನ ಕರಡಿಗಳಲ್ಲಿ ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವ ಪದ್ಧತಿ ನಮ್ಮ ಈ ಕರಡಿಯಲ್ಲೇ ಎದ್ದು ಕಾಣುತ್ತದೆ. ಚಳಿಗಾಲದಲ್ಲಿ ಗುಹೆಯೊಳಗೆ ಹುಟ್ಟಿದ ಮರಿಗಳು ಕೆಲವು ವಾರಗಳ ತರುವಾಯ ತಾಯಿಯ ಬೆನ್ನೇರಿ ಹೊರಬರುತ್ತವೆ; ಎರಡು ವರ್ಷ ದಾಟುವವರೆಗೂ ಅವಳ ಜೊತೆಗೇ ಇರುತ್ತವೆ. ತಾಯಿ ಬಂಡೆಯನ್ನು ನೆಕ್ಕುತ್ತಿದ್ದಾಗ ಒಂದು ಮರಿ ಜಾರಿ ಕೆಳಗಿಳಿಯಿತು. ಮತ್ತೊಂದು ಇಳಿಯಲೊಲ್ಲದೆ ಕಿವಿಯ ಹಿಂದಿನ ಕೂದಲನ್ನು ಬಾಚಿ ತಬ್ಬಿಕೊಂಡಿತು. ತಾಯಿ ತಲೆಯೆತ್ತಿದಾಗ ಎದೆಯ ಮೇಲಿನ ಬಿಳಿಯ ಗುರುತು ಕಾಣಿಸಿತು. ಮುಂಗಾಲಿನ ಉಗುರುಗಳು ದಂತದ ಬಣ್ಣದವು, ಕುಡುಗೋಲಿನಂತೆ ಬಾಗಿದವು.

ಆ ಉಗುರುಗಳೇ ಒಮ್ಮೆ ವಿದ್ವಾಂಸರ ದಾರಿ ತಪ್ಪಿಸಿದ್ದವು. ೧೭೯೧ರಲ್ಲಿ ಜಾರ್ಜ್ ಷಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞ ಇದನ್ನು ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ಜೋತಾಡುವ ಸ್ಲಾತ್ ಎಂಬ ಜಡಪ್ರಾಣಿಯ ನೆಂಟನೆಂದು ತಿಳಿದು ಆ ಕುಲಕ್ಕೇ ಸೇರಿಸಿದ. ತಪ್ಪು ಬೇಗ ತಿದ್ದಲ್ಪಟ್ಟರೂ ಇಂಗ್ಲಿಷಿನಲ್ಲಿ ಇಂದಿಗೂ ಇದರ ಹೆಸರು ‘ಸ್ಲಾತ್ ಬೇರ್’. ವಾಸ್ತವವಾಗಿ ಇದರಲ್ಲಿ ಜಡತ್ವವಿಲ್ಲ. ಓಡಿದರೆ ಮನುಷ್ಯನನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇದಕ್ಕಿಲ್ಲ. ಆ ಸಂದಿಗೆ ತುಟಿಗಳನ್ನು ಕೊಳವೆಯಂತೆ ಚಾಚಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಹುತ್ತದೊಳಗಿನ ದೂಳನ್ನು ಮೊದಲು ಊದಿ ಚೆದರಿಸಿ, ಬಳಿಕ ಗೆದ್ದಲನ್ನು ಹೀರಿಕೊಳ್ಳುತ್ತದೆ. ಆ ಹೀರುವ ಸದ್ದು ನೂರು ಮೀಟರಿಗೂ ಹೆಚ್ಚು ದೂರ ಕೇಳಿಸುತ್ತದೆ. ತನ್ನ ಊಟದ ಗದ್ದಲದಲ್ಲಿ ತಾನೇ ಮುಳುಗಿರುವ ಕರಡಿಗೆ ಬಳಿಗೆ ಬರುವ ಮನುಷ್ಯನ ಹೆಜ್ಜೆ ಕೇಳಿಸುವುದು ತೀರ ತಡವಾಗಿ. ಅನರ್ಥಕ್ಕೆ ಕಾರಣ ಬಹುಮಟ್ಟಿಗೆ ಇದೇ.

ಚೊಂಬು ಮತ್ತು ಉಗುರು

ಧಾಮದಿಂದ ಹಿಂತಿರುಗುವಾಗ ಹತ್ತಿರದ ಹಳ್ಳಿಯೊಂದರ ಚಹದ ಅಂಗಡಿಯಲ್ಲಿ ನಿಂತೆವು. ಕಟ್ಟೆಯ ಮೇಲೆ ರುಮಾಲು ಸುತ್ತಿದ ಒಬ್ಬ ವೃದ್ಧರು ಕುಳಿತಿದ್ದರು. ಅವರ ಮುಖದ ಎಡಭಾಗ ಹಣೆಯಿಂದ ಗಲ್ಲದವರೆಗೆ ಹೊಲಿದ ಚರ್ಮದಂತೆ ಸೊಟ್ಟಗಾಗಿತ್ತು; ಆ ಕಡೆಯ ಕಣ್ಣು ಇರಲಿಲ್ಲ. ನಾವು ನೋಡಿದ್ದನ್ನೂ, ನೋಡದಂತೆ ನಟಿಸಿದ್ದನ್ನೂ ಅವರು ಗಮನಿಸಿದರು. ತಾವಾಗಿಯೇ ಮಾತು ತೆಗೆದರು.

“ಅದು ನನ್ನ ಕಾಯ್ಕೊಂಡು ಕುಂತಿದ್ದಿಲ್ರಿ. ನಾನೂ ಅದನ್ನ ಹುಡುಕ್ಕೊಂಡು ಹೋಗಿದ್ದಿಲ್ಲ. ನಸುಕಿನ್ಯಾಗ ಇಬ್ಬರೂ ಒಂದ ಬದುವಿನ ಮ್ಯಾಲ ಬಂದ್ವಿ. ಅದಕ್ಕೂ ಹೆದರಿಕಿ, ನನಗೂ ಹೆದರಿಕಿ. ಅದರ ಕೈಯಾಗ ಉಗುರು ಇದ್ದವು, ನನ್ನ ಕೈಯಾಗ ಚೊಂಬು ಇತ್ತು.”

ಹದಿನೆಂಟು ವರ್ಷದ ಹಿಂದಿನ ಮಾತಂತೆ ಅದು. ರಾತ್ರಿಯೆಲ್ಲ ಶೇಂಗಾದ ಹೊಲದಲ್ಲಿ ಮೆಯ್ದ ಕರಡಿ ಗುಡ್ಡಕ್ಕೆ ಹಿಂತಿರುಗುತ್ತಿತ್ತು. ಇವರು ಬಯಲಿಗೆ ಹೊರಟಿದ್ದರು. ಮುಂಜಾವದ ಮಬ್ಬಿನಲ್ಲಿ ನಾಲ್ಕು ಮಾರು ದೂರಕ್ಕೆ ಬರುವವರೆಗೂ ಒಬ್ಬರಿಗೊಬ್ಬರು ಕಾಣಲಿಲ್ಲ.

ಅವರ ಮಾತು ಅಷ್ಟಕ್ಕೇ ಮುಗಿದಿದ್ದರೆ ಅದೊಂದು ವೇದಾಂತದ ಕಥೆಯಾಗುತ್ತಿತ್ತು. ಅಂಗಡಿಯೊಳಗೆ ಚಹ ಸೋಸುತ್ತಿದ್ದ ಅವರ ಹೆಂಡತಿ ಹೊರಗೆ ಬಂದು ಲೋಟಗಳನ್ನು ನಮ್ಮ ಮುಂದಿಟ್ಟರು.

“ಇವರು ಹಾಂಗ ಅಂತಾರ್ರಿ. ಮೂರು ತಿಂಗಳು ದವಾಖಾನ್ಯಾಗ ಕುಂತು ಗಂಜಿ ಕುಡಿಸಿದಾಕಿ ನಾನು. ಆ ವರ್ಷ ಹೊಲ ಬಿತ್ತಲಿಲ್ಲ, ಮಗ ಸಾಲಿ ಬಿಟ್ಟ. ನೀವು ರೊಕ್ಕ ಕೊಟ್ಟು ಕರಡಿ ನೋಡಾಕ ಬರ್ತೀರಿ. ನಾವು ಅದು ಕಣ್ಣಿಗೆ ಬೀಳಬಾರದು ಅಂತ ಹನುಮಪ್ಪಗ ಎಣ್ಣಿ ಹಾಕ್ತೀವಿ.”

“ಆ ಎಣ್ಣಿ ಕುಡ್ಯಾಕೂ ಅದ ಬರತೈತಿ!” ಎಂದು ವೃದ್ಧರು ಮುಖದ ಒಂದೇ ಭಾಗದಲ್ಲಿ ನಕ್ಕರು. ಆಕೆ ನಗಲಿಲ್ಲ.

ಕಾಡುಪ್ರಾಣಿಗಳ ವಿಚಾರ ಮಾತನಾಡುವ ನಾವು ನಗರದವರು ಈ ಇಬ್ಬರಲ್ಲಿ ಗಂಡನ ಮಾತನ್ನು ಮೆಚ್ಚಿಕೊಂಡು ಹೆಂಡತಿಯ ಮಾತನ್ನು ಮರೆಯುವುದುಂಟು. ಹಾಗೆ ಮರೆಯುವುದು ನ್ಯಾಯವಲ್ಲ. ಕರಡಿಯ ಗಾಯ ಹುಲಿಯ ಗಾಯದಂತೆ ಬೇಟೆಯ ಗಾಯವಲ್ಲ. ಅದು ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಎದ್ದುನಿಂತು ಮುಖಕ್ಕೂ ತಲೆಗೂ ಹೊಡೆಯುತ್ತದೆ. ಎದುರಾಳಿ ಬಿದ್ದನೆಂದರೆ ತನ್ನ ದಾರಿ ಹಿಡಿಯುತ್ತದೆ. ಹುಲಿ, ಚಿರತೆಗಳ ನಡುವೆ ಸಾವಿರಾರು ವರ್ಷ ಬಾಳಿದ ಪ್ರಾಣಿ ಇದು. ಮರವೇರಿ ಪಾರಾಗೋಣವೆಂದರೆ ಚಿರತೆಯೂ ಮರವೇರುತ್ತದೆ. ಆದುದರಿಂದ ಅಪಾಯ ಹತ್ತಿರ ಬಂದಾಗ ಓಡುವುದಕ್ಕಿಂತ ಮುನ್ನುಗ್ಗಿ ಹೆದರಿಸುವುದನ್ನೇ ಅದು ರಕ್ಷಣೆಯ ಉಪಾಯವಾಗಿ ಕಲಿತಿದೆ. ಇವೆಲ್ಲ ನಿಜ. ಆದರೆ ಹರಿದ ಮುಖಕ್ಕೆ ಈ ವಿವರಣೆಯಿಂದ ಸಮಾಧಾನವಾಗುವುದಿಲ್ಲ. ಬಿತ್ತದ ಹೊಲ ಫಲ ಕೊಡುವುದಿಲ್ಲ.

ಕೆಟ್ಟ ಕರಡಿಯೂ ಇಲ್ಲದೆ ಇಲ್ಲ. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್, ಕನ್ನಡದ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಪರಿಚಿತರಾದವರು, ಅರಸೀಕೆರೆಯ ಕಡೆಯ ಒಂದು ಕರಡಿಯ ಕಥೆಯನ್ನು ೧೯೫೭ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅದು ಹನ್ನೆರಡು ಮಂದಿಯನ್ನು ಕೊಂದಿತೆಂದು ಅವರ ಲೆಕ್ಕ. ಅಂತಹ ಮೃಗ ಅಪರೂಪ. ಬದುವಿನ ಮೇಲೆ ಅಕಸ್ಮಾತ್ತಾಗಿ ಎದುರಾಗುವ ಕರಡಿಯೇ ಸಾಮಾನ್ಯ.

ಜಪಾನಿನ ಗಂಟೆ

ಜಪಾನಿನ ಕರಿಯ ಕರಡಿಯ ಎದೆಯ ಮೇಲೂ ಇಂತಹುದೇ ಬಿಳಿಯ ಗುರುತಿದೆ. ಚಂದ್ರನ ವಲಯವುಳ್ಳ ಕರಡಿಯೆಂದೇ ಅಲ್ಲಿನವರು ಅದನ್ನು ಕರೆಯುತ್ತಾರೆ. ೨೦೨೩ರ ಏಪ್ರಿಲಿನಿಂದ ಒಂದು ವರ್ಷದ ಅವಧಿಯಲ್ಲಿ ಆ ದೇಶದಲ್ಲಿ ೨೧೯ ಜನ ಕರಡಿಗಳ ಕೈಗೆ ಸಿಕ್ಕಿದರು. ಅವರಲ್ಲಿ ಆರು ಮಂದಿ ಸತ್ತರು. ೨೦೨೫ ಇನ್ನೂ ಕಠೋರವಾಯಿತು. ಸತ್ತವರ ಸಂಖ್ಯೆ ಹತ್ತನ್ನು ಮೀರಿತು. ನವೆಂಬರಿನಲ್ಲಿ ಅಕಿತಾ ಪ್ರಾಂತಕ್ಕೆ ಬೋನುಗಳನ್ನು ಸಾಗಿಸಲು ಸೈನಿಕರನ್ನೇ ಕಳುಹಿಸಬೇಕಾಯಿತು. ಅಂಗಡಿಯೊಳಗೆ ಕರಡಿ, ಶಾಲೆಯ ಬಳಿ ಕರಡಿ, ನಗರದ ಬಡಾವಣೆಯಲ್ಲಿ ಕರಡಿ.

ಕಾರಣವನ್ನು ಹುಡುಕಿದವರು ಎರಡು ಸಂಗತಿಗಳನ್ನು ಹೇಳುತ್ತಾರೆ. ಬೀಚ್ ಎಂಬ ಮರದ ಕಾಯಿ ಕೆಲವು ವರ್ಷ ಕಾಡಿನಲ್ಲಿ ಕೈಕೊಡುತ್ತದೆ. ಚಳಿಗಾಲದ ನಿದ್ರೆಗೆ ಮೊದಲು ಹೊಟ್ಟೆ ತುಂಬಿಸಿಕೊಳ್ಳಬೇಕಾದ ಕರಡಿ ಆಗ ಊರಿಗೆ ಇಳಿಯುತ್ತದೆ. ಊರಿನಲ್ಲಾದರೋ ಯುವಕರು ಪಟ್ಟಣ ಸೇರಿದ್ದಾರೆ, ಹೊಲಗಳು ಪೊದೆಯಾಗಿವೆ, ಕೀಳುವವರಿಲ್ಲದೆ ಹಿತ್ತಲಿನ ಮರಗಳಲ್ಲಿ ಹಣ್ಣು ಹಾಗೆಯೇ ತೂಗುತ್ತದೆ. ಕಾಡಿಗೂ ಮನೆಗೂ ನಡುವೆ ಇದ್ದ ಅಂತರ ಅಳಿಸಿಹೋಗಿದೆ. ಅಲ್ಲಿನ ಬೆಟ್ಟದ ದಾರಿಗಳಲ್ಲಿ ನಡೆಯುವವರು ಚೀಲಕ್ಕೆ ಒಂದು ಪುಟ್ಟ ಗಂಟೆಯನ್ನು ಕಟ್ಟಿಕೊಳ್ಳುವ ವಾಡಿಕೆಯಿದೆ. ‘ನಾನು ಬರುತ್ತಿದ್ದೇನೆ, ನೀನು ಸರಿದು ನಿಲ್ಲು’ ಎಂಬುದು ಆ ಗಂಟೆಯ ಅರ್ಥ.

ನಮ್ಮಲ್ಲಿ ಕಥೆ ತಿರುಗುಮುರುಗು. ಅಲ್ಲಿ ಊರು ಬರಿದಾಗಿ ಕರಡಿ ಬಂದಿತು. ಇಲ್ಲಿ ಗುಡ್ಡ ಬರಿದಾಗಿ ಬರುತ್ತಿದೆ. ಬಂಡೆಯೇ ಕರಡಿಯ ಮನೆಯೆಂದೆನಷ್ಟೆ. ಆ ಬಂಡೆಯನ್ನು ಸಿಡಿಮದ್ದಿನಿಂದ ಒಡೆದು, ಹಲಗೆ ಮಾಡಿ, ಉಜ್ಜಿ ಹೊಳಪು ಕೊಟ್ಟು ಮಾರುತ್ತಾರೆ. ಹೆಬ್ಬಾಳ, ಯಲಹಂಕಗಳ ಹೊಸ ಮನೆಗಳ ಅಡಿಗೆಕಟ್ಟೆಯಾಗಿ, ಮೆಟ್ಟಿಲಾಗಿ ನೆಲೆನಿಲ್ಲುವ ಕಲ್ಲು ಎಲ್ಲೋ ಒಂದು ಗುಡ್ಡದಿಂದ ಬಂದುದೇ ತಾನೆ? ಜೊತೆಗೆ ಗುಡ್ಡದ ಬುಡದವರೆಗೆ ನೀರಾವರಿ ಬಂದಿದೆ. ಶೇಂಗಾ, ಮೆಕ್ಕೆಜೋಳಗಳು ಬೆಳೆದಿವೆ. ಕಾಡಿನಲ್ಲಿ ಬೋರೆಹಣ್ಣು ಆಯುತ್ತಿದ್ದ ಕರಡಿಗೆ ಒಂದು ಬದು ದಾಟಿದರೆ ಹಬ್ಬದೂಟ.

ಹೀಗಿರುವಾಗ ಬಂಡೆಗೆ ಬೆಲ್ಲ ಬಳಿಯುವುದು ಉಚಿತವೇ ಎಂಬ ಪ್ರಶ್ನೆಯೂ ಏಳುತ್ತದೆ. ಬೆಲ್ಲದ ಆಸೆಯಿಂದ ಕರಡಿ ಧಾಮದೊಳಗೇ ನಿಲ್ಲುತ್ತದೆ, ಜನಕ್ಕೆ ದರ್ಶನವೂ ಆಗುತ್ತದೆ ಎಂದು ಒಂದು ಪಕ್ಷ. ದುಡಿಯದೆ ಸಿಗುವ ಸಿಹಿಯ ರುಚಿ ಹತ್ತಿದರೆ ಕಾಡುಮೃಗದ ಸ್ವಭಾವ ಕೆಡುತ್ತದೆ ಎಂದು ಇನ್ನೊಂದು ಪಕ್ಷ. ಗೋಪುರದಿಂದ ತಾಯಿಮರಿಗಳನ್ನು ಕಂಡು ಹಿಗ್ಗಿದ ನಮಗೆ ಎರಡನೆಯ ಪಕ್ಷದ ಮಾತನ್ನು ತಳ್ಳಿಹಾಕಲು ಧೈರ್ಯ ಬರಲಿಲ್ಲ. ಗುಡ್ಡದಲ್ಲಿ ಕಾರೆ, ಕವಳಿ, ಕಕ್ಕೆ, ಅತ್ತಿಗಳು ಸಾಕಷ್ಟು ಬೆಳೆದರೆ ಬೆಲ್ಲದ ಕೊಡ ಅನಾವಶ್ಯಕವಾಗುತ್ತದೆ. ಆ ದಿನ ಕರಡಿ ನಮಗೆ ಕಾಣದೆಹೋದರೂ ನಷ್ಟವಿಲ್ಲ.

ನಮ್ಮ ಬಾಗಿಲ ಬಳಿ

ಕರಡಿಯ ಮಾತು ದರೋಜಿಗೆ ಮಾತ್ರ ಸೇರಿದ್ದಲ್ಲ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಸುಮಾರು ೭೦ ಕಿಲೋಮೀಟರು ಹೋದರೆ ದೇವರಾಯನದುರ್ಗ. ಭೋಗನರಸಿಂಹ, ಯೋಗನರಸಿಂಹರ ದರ್ಶನಕ್ಕೂ ನಾಮದಚಿಲುಮೆಯ ತಂಪಿಗೂ ಭಾನುವಾರ ಎಷ್ಟು ಸಂಸಾರಗಳು ಅಲ್ಲಿಗೆ ಹೋಗುವುದಿಲ್ಲ! ಆ ಕಾಡಿನಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ. ಸಾವನದುರ್ಗ, ರಾಮನಗರದ ಬೆಟ್ಟಗಳಲ್ಲೂ ಕರಡಿಯ ವಾಸವುಂಟು. ಸೂರ್ಯೋದಯ ನೋಡುವ ಹಂಬಲದಿಂದ ರಾತ್ರಿಯೇ ಬೆಟ್ಟವೇರುವ ಯುವಕರ ಗುಂಪುಗಳಿಗೆ ಕಾವಲುಗಾರರೂ ವೃದ್ಧರೂ ಹೇಳಿದ ಮಾತುಗಳು, ಬಲ್ಲ ಅರಣ್ಯತಜ್ಞರ ಸಲಹೆಗಳು, ಇಲ್ಲಿ ಸಂಗ್ರಹವಾಗಿ ಇರಲಿ.

ಕರಡಿಯಿರುವ ಬೆಟ್ಟವನ್ನು ಬೆಳಕು ಚೆನ್ನಾಗಿ ಬಿಟ್ಟ ಮೇಲೆ ಏರಬೇಕು; ಹೊತ್ತು ಮುಳುಗುವ ಮುನ್ನ ಇಳಿಯಬೇಕು. ಒಬ್ಬರೇ ಹೋಗದೆ ಗುಂಪಾಗಿ, ಸ್ವಲ್ಪ ಗಟ್ಟಿಯಾಗಿ ಮಾತನಾಡುತ್ತ ನಡೆಯಬೇಕು. ಮೌನ ಕಾಡಿಗೆ ಭೂಷಣವೆಂಬ ಮಾತು ಗೋಪುರದ ಮೇಲೆ ಸರಿ. ಪೊದೆಯ ನಡುವಿನ ಕಾಲುದಾರಿಯಲ್ಲಿ ಸರಿಯಲ್ಲ. ಕಿವಿಗೆ ಹಾಡಿನ ಯಂತ್ರ ಸಿಕ್ಕಿಸಿಕೊಂಡು ನಡೆಯುವವನು ಕರಡಿಗೆ ಸುಳಿವನ್ನೂ ಕೊಡುವುದಿಲ್ಲ, ಅದರ ಸುಳಿವನ್ನೂ ಪಡೆಯುವುದಿಲ್ಲ. ಗುಹೆ, ಬಂಡೆಸಂದಿಗಳೊಳಗೆ ಇಣುಕುವ ಕುತೂಹಲ ಬೇಡವೇ ಬೇಡ. ಹೊಸದಾಗಿ ಕೆದಕಿದ ಹುತ್ತ ಕಂಡರೆ ಆ ದಾರಿ ಬಿಟ್ಟು ಹಿಂದಿರುಗುವುದು ಮೇಲು. ತಿಂದುಳಿದ ಬಾಳೆಹಣ್ಣು, ಚಿತ್ರಾನ್ನಗಳನ್ನು ಎಸೆದು ಬರುವುದು ಕರಡಿಯನ್ನು ಮನುಷ್ಯರ ಜಾಡಿಗೆ ಕರೆದಂತೆ.

ದೂರದಲ್ಲಿ ಕರಡಿ ಕಂಡರೆ ಅದರ ಮೇಲೆ ಕಣ್ಣಿಟ್ಟುಕೊಂಡೇ ಹಿಂಹೆಜ್ಜೆ ಹಾಕಿ ಮೆಲ್ಲನೆ ದೂರ ಸರಿಯಬೇಕು. ಓಡಬಾರದು, ಕಲ್ಲೆಸೆಯಬಾರದು, ಮರವೇರಿ ಪ್ರಯೋಜನವಿಲ್ಲ, ಅದೂ ಏರಬಲ್ಲುದು. ತಾಯಿ ಮತ್ತು ಮರಿಗಳ ನಡುವೆ ಎಂದಿಗೂ ಹೋಗಬಾರದು. ಮೈಮೇಲೆ ಬಂದೇಬಿಟ್ಟರೆ ಬೋರಲಾಗಿ ಬಿದ್ದು, ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು, ಅದು ಸರಿದು ಹೋಗುವವರೆಗೂ ಅಲುಗದೆ ಇರಬೇಕು. ಮುಖವೂ ಕತ್ತೂ ಉಳಿದರೆ ಪ್ರಾಣ ಉಳಿಯುವ ಸಂಭವ ಹೆಚ್ಚು.

ಊರೊಳಗೆ ಕರಡಿ ಬಂದಾಗ ನಡೆಯುವ ಅನಾಹುತಕ್ಕೆ ಕರಡಿಗಿಂತ ಜಾತ್ರೆಯೇ ದೊಡ್ಡ ಕಾರಣ. ಸಾವಿರ ಜನ ಸೇರಿ, ಕೂಗಿ, ಬೆನ್ನಟ್ಟಿ, ಮೊಬೈಲಿನಲ್ಲಿ ಚಿತ್ರ ಹಿಡಿಯಲು ಮುತ್ತಿದರೆ ತಪ್ಪಿಸಿಕೊಳ್ಳುವ ದಾರಿ ಕಾಣದ ಪ್ರಾಣಿ ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ. ಗುಡ್ಡದ ಕಡೆಗೆ ದಾರಿ ತೆರವು ಮಾಡಿ, ಮಕ್ಕಳನ್ನು ಒಳಗಿಟ್ಟು, ಅರಣ್ಯ ಇಲಾಖೆಯ ೧೯೨೬ ಎಂಬ ಸಹಾಯವಾಣಿಗೆ ತಿಳಿಸಿದರೆ ಸಾಕು. ಕತ್ತಲಾಗುವವರೆಗೆ ಬಿಟ್ಟರೆ ಕರಡಿ ಎಷ್ಟೋ ಸಲ ತಾನಾಗಿಯೇ ಹೊರಟುಹೋಗುತ್ತದೆ.

ಹಳ್ಳಿಗಳ ಮಟ್ಟಿಗೆ ಇನ್ನೂ ಎರಡು ಮಾತುಗಳಿವೆ. ಮನೆಗೊಂದು ಶೌಚಾಲಯ, ಅದಕ್ಕೆ ನೀರು ಇದ್ದರೆ ನಸುಕಿನ ಬದುವಿನ ಮೇಲೆ ಚೊಂಬು ಹಿಡಿದು ಹೋಗುವ ಕಾಲವೇ ಇಲ್ಲವಾಗುತ್ತದೆ. ಹೊಲಕ್ಕೆ ಹಗಲು ಹೊತ್ತಿನಲ್ಲಿ ವಿದ್ಯುತ್ತು ಕೊಟ್ಟರೆ ಪಂಪು ಹಾಕಲು ರೈತ ಅಪರಾತ್ರಿಯಲ್ಲಿ ಏಳಬೇಕಾಗಿಲ್ಲ. ಕರಡಿಯ ಸಮಸ್ಯೆಯೆಂದು ನಾವು ಕರೆಯುವುದರಲ್ಲಿ ಅರ್ಧ ಪಾಲು ಹೀಗೆ ನೀರಿನ, ದೀಪದ, ವೇಳೆಯ ಸಮಸ್ಯೆ.

ದರೋಜಿಯಲ್ಲಿ ನಮಗೆ ಕಂಡ ಸತ್ಯವೂ ಅಷ್ಟೆ. ಒಂದೇ ನೆಲವನ್ನು ಇಬ್ಬರು ಹಂಚಿಕೊಳ್ಳಬಹುದು, ಹೊತ್ತು ಬೇರೆಯಿದ್ದರೆ. ಹಗಲು ಮನುಷ್ಯನದು, ಇರುಳು ಕರಡಿಯದು ಎಂಬ ಹಳೆಯ ಒಪ್ಪಂದ ಎಲ್ಲಿ ನಡೆಯುತ್ತದೆಯೋ ಅಲ್ಲಿ ಕೇಡು ಕಡಮೆ. ಸಂಜೆ ಮತ್ತು ಮುಂಜಾವಗಳ ಆ ಎರಡು ಗಳಿಗೆಗಳೇ ಗಡಿಯ ಕಲ್ಲುಗಳು. ಅಲ್ಲಿ ಎಚ್ಚರ ಬೇಕು. ಅದರ ಹಗಲಿನ ನಿದ್ರೆಗೆ ಬೇಕಾದ ಬಂಡೆಯನ್ನು ನಾವು ಒಡೆದುಹಾಕಿದರೆ, ನಮ್ಮ ಇರುಳಿನ ನಿದ್ರೆಯನ್ನು ಅದು ಕೆಡಿಸೀತು.

ನಾವು ಹೊರಡುವಾಗ ಚಹದ ಅಂಗಡಿಯ ತಾಯಿ ನಮ್ಮ ಮಗಳ ಕೈಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿದರು. “ಕರಡಿ ಬಿಟ್ಟು ಹೋಗಿದ್ದು ಇಷ್ಟ ನೋಡವ್ವ” ಎಂದರು. ಈ ಬಾರಿ ಅವರ ಮುಖದಲ್ಲೂ ಸಣ್ಣದೊಂದು ನಗೆ ಇತ್ತು.